ಎಷ್ಟನೆಯ ಕೂಳೆ?

ಮುಗಿಯದ ವಿಜ್ಞಾನ ಕಥೆಗಳೂ ಅವುಗಳ ಅಭಿಮಾನಿಗಳ ವಾಗ್ವಾದವೂ

ಒಂದು ಸಂಜೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಳವಳ್ಳಿಯ ಬಸ್ಸಿಗಾಗಿ ಕಾದು ಕುಳಿತಿದ್ದೆ. ಪಕ್ಕದ ಬೆಂಚಿನ ಮೇಲೆ ಇಬ್ಬರು ತರುಣರು ಬಿರುಸಿನ ವಾದದಲ್ಲಿ ತೊಡಗಿದ್ದರು. ಒಬ್ಬನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು. ಇನ್ನೊಬ್ಬನು ಮಳವಳ್ಳಿಯ ಕಡೆಯವನು. ಇಬ್ಬರ ನಡುವೆ ಇಟ್ಟಿದ್ದ ವಡೆಯ ಪೊಟ್ಟಣವು ಆರಿ ತಣ್ಣಗಾಗುತ್ತಿದ್ದರೂ ಅದರ ಕಡೆಗೆ ಯಾರ ಗಮನವೂ ಇರಲಿಲ್ಲ. ಚುನಾವಣೆಯ ಮಾತಿರಬಹುದು, ಇಲ್ಲವೇ ಕಾವೇರಿಯ ನೀರಿನ ಮಾತಿರಬಹುದು ಎಂದುಕೊಂಡು ಕಿವಿಗೊಟ್ಟೆ. ಎರಡೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1963 ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ದೂರದರ್ಶನದ ಕಥಾಮಾಲೆಯ ಭವಿಷ್ಯವನ್ನು ಕುರಿತು ಅವರು ಜಗಳವಾಡುತ್ತಿದ್ದರು.

"ಇನ್ನು ಸಾಕು ಕಣೋ, ನಿಲ್ಲಿಸಿಬಿಡಬೇಕು. ಹಳೇ ನಟರನ್ನೇ ಮತ್ತೆ ಮತ್ತೆ ಕರ್ಕೊಂಡು ಬರೋದು ಬಿಟ್ರೆ ಇವರ ಹತ್ರ ಹೊಸದು ಏನೈತೆ?" ಎಂದು ಒಬ್ಬನು.

"ನಿಲ್ಲಿಸಿದ್ರೆ ಮತ್ತೆ ಶುರು ಮಾಡೋರು ಯಾರು? ಹಿಂದೆ ಒಂದ್ಸಲ ನಿಂತದ್ದು ಹದಿನಾರು ವರ್ಷ ಏಳಲಿಲ್ಲ, ಗೊತ್ತಿಲ್ವಾ?" ಎಂದು ಮತ್ತೊಬ್ಬನು.

ಬೆಂಚಿನ ತುದಿಯಲ್ಲಿ ಟವೆಲನ್ನು ತಲೆಗೆ ಸುತ್ತಿಕೊಂಡು ಕುಳಿತಿದ್ದ ವೃದ್ಧರೊಬ್ಬರು ಬಹಳ ಹೊತ್ತು ಕೇಳಿ ಕೊನೆಗೆ ಬಾಯಿ ತೆರೆದರು. "ಏನ್ರಪ್ಪಾ, ಯಾವ ಕಥೆಗೆ ಹಿಂಗೆ ಕಿತ್ತಾಡ್ತಾ ಇದ್ದೀರಿ?"

"ಇಂಗ್ಲೆಂಡಿನದು ತಾತ. ಅರವತ್ತು ವರ್ಷದಿಂದ ನಡೀತಾ ಐತೆ."

"ಒಂದೇ ಕಥೆನಾ, ಅರವತ್ತು ವರ್ಷ? ಕೂಳೆ ಕಬ್ಬು ಅನ್ನು ಹಂಗಾದ್ರೆ. ಈಗ ಎಷ್ಟನೇ ಕೂಳೆ?"

ತರುಣರು ನಕ್ಕರು. ಬಸ್ಸು ಬಂದಿತು. ನಾನು ಮಾತ್ರ ಆ ಪ್ರಶ್ನೆಯನ್ನು ಮಳವಳ್ಳಿಯವರೆಗೂ ಹೊತ್ತುಕೊಂಡು ಹೋದೆ. ಅದಕ್ಕಿಂತ ನೇರವಾದ ಪ್ರಶ್ನೆಯನ್ನು ಈ ವಿಷಯದಲ್ಲಿ ಬೇರೆಲ್ಲಿಯೂ ಕೇಳಿರಲಿಲ್ಲ.

ಕೂಳೆಯ ಗುಣ, ಕೂಳೆಯ ದೋಷ

ಮಂಡ್ಯ ಸೀಮೆಯ ಓದುಗರಿಗೆ ಕೂಳೆಯೆಂದರೇನೆಂದು ತಿಳಿಸಬೇಕಾದುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933 ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಅಲ್ಲಿಯ ಬದುಕೇ ಕಬ್ಬಿನ ಸುತ್ತ ಬೆಳೆದಿದೆ. ಇತರರಿಗಾಗಿ ನಾಲ್ಕು ಮಾತು ಹೇಳಬೇಕು.

ಕಬ್ಬನ್ನು ಕಟಾವು ಮಾಡುವಾಗ ಬುಡಸಹಿತ ಕೀಳುವುದಿಲ್ಲ, ನೆಲಮಟ್ಟಕ್ಕೆ ಕಡಿಯುತ್ತಾರೆ. ಮಣ್ಣಿನೊಳಗೆ ಉಳಿದ ಬುಡದ ಕಣ್ಣುಗಳೊಡೆದು ಹೊಸ ಮರಿಗಳು ಏಳುತ್ತವೆ. ಈ ಮರಿಗಳು ಮೊದಲು ಹಳೆಯ ಬೇರಿನ ಆಸರೆಯಲ್ಲಿ ಬದುಕಿ, ಕ್ರಮೇಣ ತಮ್ಮದೇ ಆದ ಬೇರುಗಳನ್ನು ಬಿಡುತ್ತವೆ. ಹಳೆಯ ಬೇರುಗಳು ಸಾಯುತ್ತವೆ. ಹೀಗೆ ನೆಡದೆಯೇ ಬರುವ ಎರಡನೆಯ ಬೆಳೆಯೇ ಕೂಳೆ ಬೆಳೆ. ಬಿತ್ತನೆಯ ಖರ್ಚಿಲ್ಲ, ಉಳುಮೆಯ ಶ್ರಮವಿಲ್ಲ, ಬೆಳೆ ಬೇಗನೆ ಮಾಗುತ್ತದೆ. ಇದು ಕೂಳೆಯ ಗುಣ. ಆದರೆ ಒಂದರ ಮೇಲೊಂದು ಕೂಳೆ ತೆಗೆಯುತ್ತ ಹೋದಂತೆ ಮಣ್ಣು ಗಟ್ಟಿಯಾಗುತ್ತದೆ, ಸಾಲಿನಲ್ಲಿ ಅಲ್ಲಲ್ಲಿ ಬುಡಗಳು ಸತ್ತು ಖಾಲಿ ಬೀಳುತ್ತದೆ, ರೋಗವೂ ಕೀಟವೂ ಬುಡದಲ್ಲಿಯೇ ಮನೆ ಮಾಡಿಕೊಳ್ಳುತ್ತವೆ, ಇಳುವರಿ ಇಳಿಯುತ್ತದೆ. ಇದು ಕೂಳೆಯ ದೋಷ. ಇನ್ನೊಂದು ಕೂಳೆ ಬಿಡಬೇಕೋ, ಅಗೆದು ಹೊಸದಾಗಿ ನೆಡಬೇಕೋ ಎಂಬುದು ಪ್ರತಿಯೊಬ್ಬ ಕಬ್ಬು ಬೆಳೆಗಾರನ ಮುಂದಿರುವ ಪ್ರಶ್ನೆ. ಅದಕ್ಕೆ ಎಲ್ಲ ಗದ್ದೆಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ.

ದೀರ್ಘಕಾಲ ನಡೆಯುವ ವಿಜ್ಞಾನ ಕಥೆಯ ಪಾಡೂ ಬಹುಮಟ್ಟಿಗೆ ಇದೇ ಆಗಿದೆ. ಹೆಸರು ಪ್ರಸಿದ್ಧವಾಗಿದೆ, ಜಗತ್ತು ನಿರ್ಮಾಣವಾಗಿದೆ, ಪ್ರೇಕ್ಷಕರು ಸಿದ್ಧರಿದ್ದಾರೆ. ಆದುದರಿಂದ ಮುಂದಿನ ಕಂತನ್ನು ತೆಗೆಯುವುದು ಸುಲಭ. ಆದರೆ ತೆಗೆದ ಪ್ರತಿಯೊಂದು ಕಂತಿನೊಡನೆಯೂ ಹಳೆಯ ದೋಷಗಳು ಬುಡದಲ್ಲಿ ಸೇರಿಕೊಳ್ಳುತ್ತವೆ.

ಮೊದಲ ಜಗಳ ಮನೆಯೊಳಗೇ

'ಡಾಕ್ಟರ್ ಹೂ' ಪ್ರಸಾರವಾದ ಮೊದಲ ದಿನ 1963 ರ ನವೆಂಬರ್ 23, ಅಂದರೆ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾದ ಮರುದಿನ. ಆ ಗದ್ದಲದಲ್ಲಿ ಅನೇಕರು ಅದನ್ನು ನೋಡದೆ ಹೋದರೆಂದು ಮುಂದಿನ ವಾರ ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನು ಪುನಃ ತೋರಿಸಿದರು. ಅದನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಎಂಬ ತರುಣರೆಂಬುದು ನಮ್ಮವರು ನೆನಪಿಡಬೇಕಾದ ಸಂಗತಿ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಯೋಜನೆಯ ಹಿಂದಿದ್ದವರು ಬಿ.ಬಿ.ಸಿ.ಯ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್.

ಕಥೆಯ ಹಂದರ ಸರಳವಾದದ್ದು. ನೀಲಿ ಬಣ್ಣದ ಪೊಲೀಸ್ ದೂರವಾಣಿ ಪೆಟ್ಟಿಗೆಯ ಆಕಾರದ ಯಂತ್ರವೊಂದರಲ್ಲಿ ಡಾಕ್ಟರ್ ಎಂಬ ನಿಗೂಢ ವ್ಯಕ್ತಿಯು ಕಾಲದೇಶಗಳಲ್ಲಿ ಸಂಚರಿಸುತ್ತಾನೆ. ಅವನೊಡನೆ ಹೊರಟ ಮೊದಲ ಸಂಗಾತಿಗಳಲ್ಲಿ ಒಬ್ಬರು ವಿಜ್ಞಾನದ ಉಪಾಧ್ಯಾಯರು, ಮತ್ತೊಬ್ಬರು ಇತಿಹಾಸದ ಉಪಾಧ್ಯಾಯಿನಿ. ಹಿಂದಕ್ಕೆ ಹೋದರೆ ಇತಿಹಾಸದ ಪಾಠ, ಮುಂದಕ್ಕೆ ಹೋದರೆ ವಿಜ್ಞಾನದ ಪಾಠ. ಮಕ್ಕಳಿಗೆ ವಿನೋದದೊಡನೆ ವಿದ್ಯೆ. ಇದು ನ್ಯೂಮನ್ನರ ಆಶಯವಾಗಿತ್ತು. ಗುಡ್ಡೆಗಣ್ಣಿನ ರಾಕ್ಷಸರು ಬೇಡವೇ ಬೇಡವೆಂದು ಅವರು ಕಟ್ಟಪ್ಪಣೆ ಮಾಡಿದ್ದರು.

ಆ ಅಪ್ಪಣೆಯು ಮುರಿಯಲು ಒಂದೆರಡು ತಿಂಗಳೂ ಹಿಡಿಯಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಲೇಖಕ ಟೆರ್ರಿ ನೇಶನ್ನರ 'ಡೇಲೆಕ್'ಗಳು ಕಾಣಿಸಿಕೊಂಡವು. ಲೋಹದ ಕವಚದೊಳಗೆ ಅಡಗಿ, ತಮ್ಮಂತಲ್ಲದ ಜೀವಿಗಳನ್ನೆಲ್ಲ ನಾಶಮಾಡಲು ಹೊರಟ ಕ್ರೂರಿಗಳು ಅವು. ನ್ಯೂಮನ್ ಸಿಟ್ಟಾದರು, ಮಕ್ಕಳು ಹುಚ್ಚೆದ್ದು ನೋಡಿದರು. ಕಥಾಮಾಲೆಯು ಜನಪ್ರಿಯವಾದದ್ದೇ ಆ ರಾಕ್ಷಸರಿಂದ. ವಿಜ್ಞಾನ ಮುಖ್ಯವೋ, ಬೆರಗು ಮುಖ್ಯವೋ ಎಂಬ ಜಗಳವು ಅಭಿಮಾನಿಗಳಿಗಿಂತ ಮುಂಚೆಯೇ, ಕಥೆ ಕಟ್ಟುವವರ ಮನೆಯೊಳಗೇ ಹುಟ್ಟಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇವೆರಡೂ ಒಂದನ್ನೊಂದು ಕೊಲ್ಲಲೇಬೇಕೆಂದೇನೂ ಇಲ್ಲ. ಲಂಡನ್ನಿನಲ್ಲಿ ನೇತ್ರವಿಜ್ಞಾನದ ಸಂಶೋಧಕರಾಗಿದ್ದ ಕಿಟ್ ಪೆಡ್ಲರ್ ಎಂಬವರನ್ನು 1966 ರಲ್ಲಿ ಕಥಾಮಾಲೆಯವರು ಸಲಹೆಗಾಗಿ ಕರೆದರು. ರೋಗಗ್ರಸ್ತ ಅಂಗಗಳ ಬದಲು ಕೃತಕ ಅಂಗಗಳನ್ನು ಜೋಡಿಸುತ್ತ ಹೋದರೆ ಎಲ್ಲಿಯವರೆಗೆ ಮನುಷ್ಯನು ಮನುಷ್ಯನಾಗಿ ಉಳಿದಾನು ಎಂಬ ಚಿಂತೆ ಆ ವೈದ್ಯವಿಜ್ಞಾನಿಯನ್ನು ಕಾಡುತ್ತಿತ್ತು. ಅವರು ಗೆರ್ರಿ ಡೇವಿಸ್ಸರೊಡನೆ ಸೇರಿ ದೇಹವನ್ನೆಲ್ಲ ಯಂತ್ರವಾಗಿಸಿಕೊಂಡು, ಭಾವನೆಗಳನ್ನು ಕಿತ್ತೆಸೆದ 'ಸೈಬರ್‌ಮನ್' ಎಂಬ ಜನಾಂಗವನ್ನು ಸೃಷ್ಟಿಸಿದರು. ಅದು ತೆರೆಗೆ ಬಂದದ್ದು 1966 ರ ಅಕ್ಟೋಬರಿನಲ್ಲಿ. ದಕ್ಷಿಣ ಆಫ್ರಿಕದಲ್ಲಿ ಮನುಷ್ಯನಿಗೆ ಮನುಷ್ಯನ ಹೃದಯವನ್ನು ಮೊದಲ ಬಾರಿಗೆ ಕಸಿಮಾಡಿದ್ದು 1967 ರ ಡಿಸೆಂಬರಿನಲ್ಲಿ. ರಾಕ್ಷಸನೂ ಇದ್ದಾನೆ, ವಿಜ್ಞಾನದ ಪ್ರಶ್ನೆಯೂ ಇದೆ. ವಿಜ್ಞಾನ ಕಥೆಯ ಒಳ್ಳೆಯ ಬೆಳೆ ಎಂದರೆ ಹೀಗಿರುತ್ತದೆ.

ದುರ್ಯೋಧನ ಬದಲಾದರೆ ಕಥೆ ಬದಲಾಗುವುದೇ?

ಅದೇ 1966 ರ ಅಕ್ಟೋಬರ್ 29 ರಂದು ಇನ್ನೊಂದು ವಿಶೇಷ ನಡೆಯಿತು. ಡಾಕ್ಟರನ ಪಾತ್ರ ವಹಿಸುತ್ತಿದ್ದ ವಿಲಿಯಂ ಹಾರ್ಟ್‌ನೆಲ್ಲರ ಆರೋಗ್ಯ ಕೆಟ್ಟಿತ್ತು. ಕಥೆಯನ್ನು ನಿಲ್ಲಿಸಬೇಕಿತ್ತು, ಇಲ್ಲವೇ ನಟನು ಬದಲಾದದ್ದನ್ನು ಕಾಣದಂತೆ ನಟಿಸಬೇಕಿತ್ತು. ಲೇಖಕರು ಮೂರನೆಯ ದಾರಿ ಹಿಡಿದರು. ಡಾಕ್ಟರನು ಅನ್ಯಲೋಕದವನಾದುದರಿಂದ, ದೇಹವು ಜೀರ್ಣವಾದಾಗ ಕಾಯಪಲ್ಲಟ ಮಾಡಿಕೊಳ್ಳಬಲ್ಲನೆಂದರು. ಹಾರ್ಟ್‌ನೆಲ್ ನೆಲದ ಮೇಲೆ ಬಿದ್ದರು. ಪ್ಯಾಟ್ರಿಕ್ ಟ್ರೌಟನ್ ಎದ್ದರು. ನಟನ ಅನಾರೋಗ್ಯವೆಂಬ ತೊಡಕಿಗೆ ಹುಡುಕಿದ ಉಪಾಯವೇ ಕಥೆಯ ನಿಯಮವಾಯಿತು. ಆ ನಿಯಮವೇ ಅದಕ್ಕೆ ದೀರ್ಘಾಯುಷ್ಯವನ್ನಿತ್ತಿತು.

ಈ ಉಪಾಯವು ಮಂಡ್ಯ ಸೀಮೆಯವರಿಗೆ ವಿಚಿತ್ರವೆನಿಸಬೇಕಾಗಿಲ್ಲ. ಅಲ್ಲಿಯ ಹಳ್ಳಿಗಳಲ್ಲಿಯೂ ಮಂಡ್ಯದ ಕಲಾಮಂದಿರದಲ್ಲಿಯೂ ಆಡುವ 'ಕುರುಕ್ಷೇತ್ರ' ನಾಟಕವನ್ನು ನೆನೆಯಿರಿ. ಊರಿನವರೇ ಪಾತ್ರಕ್ಕೆ ಇಷ್ಟೆಂದು ಹಣ ಕೊಟ್ಟು, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಹಾಡು ಕಲಿತು, ಇರುಳೆಲ್ಲ ಆಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಈ ಸಲದ ದುರ್ಯೋಧನ ಹೇಗಿದ್ದಾನೆಂಬುದು ಮಾತ್ರ. ಹಿಂದಿನವನ ಕಂಠ ಇವನಿಗಿಲ್ಲವೆಂದು ಒಬ್ಬರು, ಇವನ ಗತ್ತು ಹಿಂದಿನವನಿಗಿರಲಿಲ್ಲವೆಂದು ಇನ್ನೊಬ್ಬರು, ಬೆಳಗಾದ ಮೇಲೂ ಕಾಫಿ ಹೋಟೆಲಿನಲ್ಲಿ ವಾದಿಸುತ್ತಾರೆ. ನಟರು ಬದಲಾಗುತ್ತಾರೆ, ದುರ್ಯೋಧನನು ಉಳಿಯುತ್ತಾನೆ. ಇಂಗ್ಲೆಂಡಿನ ಅಭಿಮಾನಿಗಳು ತಮ್ಮ ಡಾಕ್ಟರನನ್ನು ಕುರಿತು ಮಾಡುವುದೂ ಇದನ್ನೇ.

ಗುಣವನ್ನು ಅಳೆಯುವುದು ಹೇಗೆ?

ಆದರೆ ಪುರಾಣಕ್ಕೂ ವಿಜ್ಞಾನ ಕಥೆಗೂ ಒಂದು ವ್ಯತ್ಯಾಸವಿದೆ. ಪುರಾಣದಲ್ಲಿ ವರವೊಂದರಿಂದ ಏನು ಬೇಕಾದರೂ ಆಗಬಹುದು. ವಿಜ್ಞಾನ ಕಥೆಯಲ್ಲಿ ಲೇಖಕನು ಒಂದು ಕಟ್ಟುಕಲ್ಪನೆಯನ್ನು ಮಾಡಿಕೊಳ್ಳಲು ಸ್ವತಂತ್ರನು. ಮಾಡಿಕೊಂಡ ಮೇಲೆ ಅದಕ್ಕೆ ಬದ್ಧನು. ಭೂಮಿಯ ಗುರುತ್ವಾಕರ್ಷಣೆ ಸೋಮವಾರ ಒಂದು ಬಗೆ, ಮಂಗಳವಾರ ಇನ್ನೊಂದು ಬಗೆ ಇರಲಾರದಷ್ಟೆ. ಕಲ್ಪಿತ ಜಗತ್ತಿನ ನಿಯಮಕ್ಕೂ ಅಂಥ ಸ್ಥಿರತೆ ಇರಬೇಕೆಂದು ಓದುಗನು ಅಪೇಕ್ಷಿಸುತ್ತಾನೆ. ಅಭಿಮಾನಿಗಳ ದೂರುಗಳನ್ನು ಜರಡಿ ಹಿಡಿದು ನೋಡಿದರೆ, ನಟನ ಮುಖದ ಬಗೆಗಿನ ಗೊಣಗಾಟವೆಲ್ಲ ಉದುರಿ ಹೋಗಿ, ಕೊನೆಗೆ ಉಳಿಯುವ ಗಟ್ಟಿ ದೂರು ಇದೇ: ಕಥೆಯು ತಾನು ವಿಧಿಸಿಕೊಂಡ ನಿಯಮವನ್ನು ತಾನೇ ಮುರಿಯಿತು.

ಎರಡು ನಿದರ್ಶನಗಳನ್ನು ನೋಡೋಣ. 1977 ರಲ್ಲಿ ಬಂದ 'ಸ್ಟಾರ್ ವಾರ್ಸ್' ಚಿತ್ರದಲ್ಲಿ 'ಫೋರ್ಸ್' ಎಂಬ ಅವ್ಯಕ್ತ ಶಕ್ತಿಯೊಂದು ವಿಶ್ವವನ್ನೆಲ್ಲ ವ್ಯಾಪಿಸಿರುತ್ತದೆ; ಸಾಧನೆಯಿಂದ ಅದು ಸಿದ್ಧಿಸುತ್ತದೆ. 1999 ರಲ್ಲಿ ಬಂದ ಚಿತ್ರವು, ದೇಹದ ಜೀವಕೋಶಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಂಖ್ಯೆಯನ್ನು ರಕ್ತಪರೀಕ್ಷೆಯಿಂದ ಎಣಿಸಿದರೆ ಆ ಶಕ್ತಿಯ ಪ್ರಮಾಣವು ತಿಳಿಯುವುದೆಂದಿತು. ವಿವರಣೆಯು ಮೊದಲಿಗಿಂತ ವೈಜ್ಞಾನಿಕವಾಗಿ ತೋರಿತು. ಅಭಿಮಾನಿಗಳಿಗೋ ಅದು ಅಪಚಾರವೆನಿಸಿತು. ಅವರು ವಿಜ್ಞಾನದ ವಿರೋಧಿಗಳೆಂದಲ್ಲ. ಸಾಧನೆಯಿಂದ ಬರುವುದೆಂದು ನಂಬಿದ್ದು ಹುಟ್ಟಿನಿಂದಲೇ ಅಳತೆಮಾಡಿ ಬಂದದ್ದೆಂದಾಗ, ಹಳೆಯ ಕಥೆಯ ಅರ್ಥವೇ ಬದಲಾಯಿತು.

ಎರಡನೆಯದು ಇದಕ್ಕಿಂತ ಸ್ವಾರಸ್ಯವಾದದ್ದು. 1976 ರಲ್ಲಿ 'ಡಾಕ್ಟರ್ ಹೂ' ಕಥೆಯೊಂದು ಡಾಕ್ಟರನ ಸ್ವಂತ ಲೋಕವನ್ನು ತೋರಿಸಿ, ಆ ಜನರಿಗೆ ಹನ್ನೆರಡೇ ಕಾಯಪಲ್ಲಟಗಳು ಸಾಧ್ಯವೆಂದು ವಿಧಿಸಿತು. ಅಭಿಮಾನಿ ಸಂಘದ ಅಧ್ಯಕ್ಷರೇ ಆ ಕಥೆಯನ್ನು ಉಗ್ರವಾಗಿ ಖಂಡಿಸಿ ಬರೆದರು. ಗಂಭೀರವಾದ ಆ ಲೋಕವನ್ನು ಕ್ಷುದ್ರಗೊಳಿಸಿದರೆಂಬುದು ಅವರ ಆಕ್ಷೇಪ. ಕಾಲ ಕಳೆಯಿತು. ಅದೇ ಕಥೆಯನ್ನು ಶ್ರೇಷ್ಠ ಕಥೆಗಳ ಸಾಲಿನಲ್ಲಿ ಸೇರಿಸಿದರು. ಹನ್ನೆರಡರ ಮಿತಿಯು ಶಾಸ್ತ್ರವಾಯಿತು. 2013 ರಲ್ಲಿ ಆ ಮಿತಿಯನ್ನು ದಾಟಬೇಕಾಗಿ ಬಂದಾಗ ಲೇಖಕರು ಅದನ್ನು ಅಲಕ್ಷಿಸಲು ಧೈರ್ಯಮಾಡದೆ, ಹೊಸದೊಂದು ಸರಣಿ ಜೀವಗಳನ್ನು ದಯಪಾಲಿಸುವ ಪ್ರಸಂಗವನ್ನು ಕಥೆಯೊಳಗೇ ರಚಿಸಬೇಕಾಯಿತು. ಇಂದು ದೋಷವೆಂದದ್ದು ನಾಳೆ ನಿಯಮವಾಗಬಹುದು. ಆದುದರಿಂದ ಅಭಿಮಾನಿಯ ತೀರ್ಪನ್ನು ಅದು ಹೊರಬಿದ್ದ ವಾರದಲ್ಲಿಯೇ ಅಂತಿಮವೆಂದು ತಿಳಿಯಬಾರದು.

ದೂರಿದವರೇ ಬೀಜವಾದರು

ಅಭಿಮಾನಿಗಳ ಕೂಗಿಗೆ ಬಲವುಂಟೆಂದು ಮೊದಲು ತೋರಿಸಿಕೊಟ್ಟದ್ದು ಅಮೆರಿಕದ 'ಸ್ಟಾರ್ ಟ್ರೆಕ್'. 1966 ರ ಸೆಪ್ಟೆಂಬರ್ 8 ರಂದು ಆರಂಭವಾದ ಅದನ್ನು ಎರಡನೆಯ ವರ್ಷದ ಕೊನೆಗೆ ನಿಲ್ಲಿಸುವ ಸೂಚನೆ ಕಂಡಾಗ ಅಭಿಮಾನಿಗಳು ಕಾಗದ ಬರೆಯುವ ಚಳುವಳಿ ಹೂಡಿದರು. ಪತ್ರಗಳು ಎಷ್ಟು ಬಂದುವೆಂದರೆ, ಕಥೆ ಮುಂದುವರಿಯುವುದೆಂದು 1968 ರ ಮಾರ್ಚ್ 1 ರಂದು ಪ್ರಸಾರದ ಕೊನೆಯಲ್ಲಿ ಸಂಸ್ಥೆಯೇ ಸಾರಬೇಕಾಯಿತು. ಆದರೆ ಉಳಿದ ಮೂರನೆಯ ವರ್ಷಕ್ಕೆ ಹಣ ಕಡಿಮೆಯಾಯಿತು, ಶುಕ್ರವಾರದ ತಡರಾತ್ರಿಯ ವೇಳೆ ದೊರೆಯಿತು, ಗುಣವೂ ಇಳಿಯಿತು. 1969 ರಲ್ಲಿ 79 ಕಂತುಗಳಿಗೆ ಅದು ನಿಂತಿತು. ಬದುಕಿಸುವುದು ಬೇರೆ, ಚೆನ್ನಾಗಿ ಬದುಕಿಸುವುದು ಬೇರೆ. ಆ ಅಭಿಮಾನಿಗಳ ಲೇಖನಿ ಮಾತ್ರ ನಿಲ್ಲಲಿಲ್ಲ. 1976 ರಲ್ಲಿ ಅಮೆರಿಕದ ಮೊದಲ ಅಂತರಿಕ್ಷ ಷಟಲ್ ನೌಕೆಗೆ 'ಕಾನ್ಸ್ಟಿಟ್ಯೂಷನ್' ಎಂದು ಇಡಬೇಕಿದ್ದ ಹೆಸರನ್ನು ಅವರ ಪತ್ರಗಳ ರಾಶಿಯೇ 'ಎಂಟರ್‌ಪ್ರೈಸ್' ಎಂದು ಬದಲಾಯಿಸಿತು. ಪರೀಕ್ಷೆಗಾಗಿ ವಾಯುಮಂಡಲದಲ್ಲಿ ಮಾತ್ರ ಹಾರಿದ ಆ ನೌಕೆಯು ಅಂತರಿಕ್ಷಕ್ಕೆ ಹೋಗಲೇ ಇಲ್ಲವೆಂಬುದು ಬೇರೆ ಮಾತು.

'ಡಾಕ್ಟರ್ ಹೂ' ವಿಷಯದಲ್ಲಿ ನಡೆದದ್ದು ಇನ್ನೂ ಆಳವಾದದ್ದು. 1985 ರಲ್ಲಿ ಬಿ.ಬಿ.ಸಿ. ಅದಕ್ಕೆ ಒಂದೂವರೆ ವರ್ಷದ ವಿರಾಮ ವಿಧಿಸಿತು. 1986 ರಲ್ಲಿ ಮರಳಿ ಬಂದ ಕಥೆಯ ಗುಣ ತೃಪ್ತಿಕರವಾಗಿರಲಿಲ್ಲ. ಆ ವರ್ಷ ದೂರದರ್ಶನದ ಚರ್ಚಾಕಾರ್ಯಕ್ರಮವೊಂದರಲ್ಲಿ ಹದಿಹರೆಯದ ಅಭಿಮಾನಿಯೊಬ್ಬನು ಲೇಖಕರ ಎದುರಿಗೇ ಕಥೆಯು ಸಪ್ಪೆಯೆಂದು ದಾಕ್ಷಿಣ್ಯವಿಲ್ಲದೆ ಹೇಳಿದನು. ಅವನ ಹೆಸರು ಕ್ರಿಸ್ ಚಿಬ್ನಲ್. 1989 ರ ಡಿಸೆಂಬರಿನಲ್ಲಿ ಕಥಾಮಾಲೆ ನಿಂತಿತು. 1996 ರಲ್ಲಿ ಬಂದ ಒಂದೇ ಒಂದು ಚಿತ್ರವನ್ನು ಬಿಟ್ಟರೆ ಹದಿನಾರು ವರ್ಷ ತೆರೆಯ ಮೇಲೆ ಡಾಕ್ಟರನಿಲ್ಲ. ಆ ಅವಧಿಯಲ್ಲಿ ಅಭಿಮಾನಿಗಳು ಸುಮ್ಮನೆ ಕುಳಿತಿರಲಿಲ್ಲ; ಕಾದಂಬರಿಗಳನ್ನು ಬರೆದರು, ಶ್ರವ್ಯ ನಾಟಕಗಳನ್ನು ರಚಿಸಿದರು. ಅಂಥ ಕಾದಂಬರಿಯೊಂದನ್ನು ಬರೆದಿದ್ದ ರಸೆಲ್ ಟಿ. ಡೇವಿಸ್ಸರೇ 2005 ರ ಮಾರ್ಚ್ 26 ರಂದು ಕಥೆಯನ್ನು ಮರುನಾಟಿ ಮಾಡಿದರು. ಮುಂದೆ ಡಾಕ್ಟರನ ಪಾತ್ರ ವಹಿಸಿದ ಡೇವಿಡ್ ಟೆನೆಂಟ್ ಬಾಲ್ಯದಿಂದಲೂ ಅದರ ಅಭಿಮಾನಿ. ಪೀಟರ್ ಕಪಾಲ್ಡಿಯವರೋ 1974 ರಲ್ಲಿ, ಇನ್ನೂ ಬಾಲಕರಾಗಿದ್ದಾಗ, ಅದನ್ನು ಮೆಚ್ಚಿ ಪತ್ರಿಕೆಗೆ ಬರೆದ ಪತ್ರವು ಅಚ್ಚಾಗಿತ್ತು. 2018 ರಲ್ಲಿ ಕಥಾಮಾಲೆಯ ಮುಖ್ಯ ಲೇಖಕರಾದವರು ಯಾರು? ಅದೇ ಕ್ರಿಸ್ ಚಿಬ್ನಲ್. ಅವರು ಮೊದಲ ಬಾರಿಗೆ ಮಹಿಳೆಯೊಬ್ಬರನ್ನು, ಜೋಡಿ ವಿಟ್ಟೇಕರರನ್ನು, ಡಾಕ್ಟರನ ಪಾತ್ರಕ್ಕೆ ತಂದರು. 2020 ರಲ್ಲಿ ಡಾಕ್ಟರನ ಮೂಲಕಥೆಯನ್ನೇ ಬದಲಿಸಿದರು. ಒಂದು ಕಾಲಕ್ಕೆ ಅವರು ಹಿರಿಯರಿಗೆ ಹೇಳಿದ್ದಕ್ಕಿಂತ ಕಟುವಾದ ಮಾತುಗಳನ್ನು ಕಿರಿಯರಿಂದ ಅವರು ಕೇಳಬೇಕಾಯಿತು.

ಕಬ್ಬಿನ ಹೊಸ ನಾಟಿಗೆ ಬೀಜ ಬೇರೆಲ್ಲಿಂದಲೋ ಬರುವುದಿಲ್ಲ. ಹಿಂದಿನ ಬೆಳೆಯ ಎಳೆಯ, ರೋಗವಿಲ್ಲದ ಜಲ್ಲೆಗಳನ್ನು ಆರಿಸಿ, ಎರಡು ಮೂರು ಕಣ್ಣುಗಳಿರುವಂತೆ ತುಂಡರಿಸಿ ನೆಡುತ್ತಾರೆ. ದೂರು ಹೇಳುವ ಅಭಿಮಾನಿಗಳು ಕಥೆಗೆ ಅಂಥ ಬಿತ್ತನೆಯ ತುಂಡುಗಳು. ಹೊಗಳುವವರಿಂದ ಈ ಬೆಳೆ ಮೊಳೆಯಲಿಲ್ಲ. ಹೀಗಿರಬಾರದು, ಹಾಗಿರಬೇಕಿತ್ತು ಎಂದು ಇರುಳೆಲ್ಲ ಯೋಚಿಸಿದವರಿಂದ ಮೊಳೆಯಿತು.

ಬೀಜ ಕಾಯುವ ಕೆಲಸದಲ್ಲಿಯೂ ಅವರೇ ಮುಂದಾಗಿದ್ದರು. ಆ ಕಾಲದಲ್ಲಿ ಚಿತ್ರಮುದ್ರಣದ ಟೇಪು ದುಬಾರಿ, ಇಡಲು ಸ್ಥಳವಿಲ್ಲ. ಒಮ್ಮೆ ತೋರಿಸಿದ್ದನ್ನು ಅಳಿಸಿ ಅದರ ಮೇಲೆಯೇ ಮತ್ತೊಂದನ್ನು ಮುದ್ರಿಸುತ್ತಿದ್ದರು. 1960 ರ ದಶಕದ ನೂರಕ್ಕೂ ಮಿಕ್ಕಿದ ಕಂತುಗಳು ಹೀಗೆ ನಾಶವಾದವು. ಪರದೇಶಗಳಿಗೆ ಕಳುಹಿಸಿದ್ದ ಪ್ರತಿಗಳಲ್ಲಿ ಕೆಲವು ಮರಳಿ ದೊರೆತವು. 2013 ರಲ್ಲಿ ನೈಜೀರಿಯದಿಂದ ಒಂಬತ್ತು ಕಂತುಗಳು ಸಿಕ್ಕಿದುವೆಂದು ಪ್ರಕಟವಾಯಿತು. ಅದಾದ ಮೇಲೂ 97 ಕಂತುಗಳ ಕೊರತೆ ಉಳಿಯಿತು. ಆದರೂ ಅವುಗಳಲ್ಲಿ ಒಂದರ ಧ್ವನಿಯೂ ನಷ್ಟವಾಗಿಲ್ಲ. ದೂರದರ್ಶನದ ಮುಂದೆ ಧ್ವನಿಮುದ್ರಣ ಯಂತ್ರವನ್ನಿಟ್ಟು ಮನೆಮಂದಿಗೆಲ್ಲ ಸದ್ದು ಮಾಡಬೇಡಿರೆಂದು ಗದರಿಸುತ್ತಿದ್ದ ಹುಡುಗರೇ ಅದನ್ನು ಉಳಿಸಿದರು. ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934 ರ 'ಸತಿ ಸುಲೋಚನ', ಒಂದು ಪ್ರತಿಯೂ ಉಳಿಯದೆ ಹೋದದ್ದನ್ನು ನೆನೆದಾಗ ಆ ಹುಡುಗರ ಬೆಲೆ ತಿಳಿಯುತ್ತದೆ.

ನಮ್ಮ ಗದ್ದೆಯಲ್ಲಿ

ಕನ್ನಡದಲ್ಲಿ ಇಂಥ ಕಥಾಮಾಲೆ ಇರಲಿಲ್ಲವೇ? ಹತ್ತಿರದ್ದೊಂದು ಇತ್ತು. 1968 ರಲ್ಲಿ ದೊರೈ–ಭಗವಾನ್ ಜೋಡಿಯ ನಿರ್ದೇಶನದಲ್ಲಿ ರಾಜ್‌ಕುಮಾರರು ಗುಪ್ತಚರ ಸಿ.ಐ.ಡಿ. 999 ಆಗಿ ನಟಿಸಿದ 'ಜೇಡರ ಬಲೆ' ತೆರೆಗೆ ಬಂದಿತು. ಲೋಹವನ್ನು ಚಿನ್ನವಾಗಿ ಪರಿವರ್ತಿಸುವ ಸೂತ್ರವನ್ನು ವಿಜ್ಞಾನಿಯೊಬ್ಬನು ಕಂಡುಹಿಡಿಯುವುದೇ ಅದರ ಕಥೆಯ ಬೀಜ. ಇದು ಬರಿಯ ರಸವಾದದ ಕನಸಲ್ಲ. ಸ್ವಿಟ್ಸರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಬೆಳಕಿನ ವೇಗಕ್ಕೆ ಸಮೀಪವಾಗಿ ಧಾವಿಸುವ ಸೀಸದ ಪರಮಾಣು ಬೀಜಗಳು ಒಂದನ್ನೊಂದು ಸವರಿಕೊಂಡು ಹೋಗುವಾಗ, ಕೆಲವು ಬೀಜಗಳು ಮೂರು ಪ್ರೋಟಾನುಗಳನ್ನು ಕಳೆದುಕೊಂಡು ಚಿನ್ನವಾಗುತ್ತವೆಂದು 2025 ರಲ್ಲಿ ಅಳೆದು ತೋರಿಸಿದರು. ಹಾಗೆ ಹುಟ್ಟಿದ ಚಿನ್ನವು ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲಿಗಿಂತಲೂ ಬಹಳ ಬಹಳ ಕಡಿಮೆ. ಕ್ಷಣಮಾತ್ರದಲ್ಲಿ ಅದೂ ಚೂರಾಗಿ ಹೋಗುತ್ತದೆ. ಖಳನಾಯಕರು ಅದಕ್ಕಾಗಿ ಕೊಲೆಮಾಡುವಷ್ಟು ಲಾಭವಿಲ್ಲ!

'ಜೇಡರ ಬಲೆ'ಯ ಬೆನ್ನಿಗೆ 'ಗೋವಾದಲ್ಲಿ ಸಿ.ಐ.ಡಿ. 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969), 'ಆಪರೇಷನ್ ಡೈಮಂಡ್ ರಾಕೆಟ್' (1978) ಬಂದವು. ಸರಣಿ ಅಲ್ಲಿಗೆ ನಿಂತಿತು. ಬೇರೊಬ್ಬ ನಟನು ಆ ಸಂಖ್ಯೆಯನ್ನು ಧರಿಸಬಹುದೆಂದು ಯಾರೂ ಎಣಿಸಲಿಲ್ಲ. ಎಣಿಸಿದ್ದರೆ ಅಭಿಮಾನಿಗಳು ಒಪ್ಪುತ್ತಿದ್ದರೆಂದೂ ತೋರುವುದಿಲ್ಲ. ಏಕೆಂದರೆ ನಮ್ಮ ಚಲಚ್ಚಿತ್ರದ ಅಭಿಮಾನವು ಕಥೆಗೆ ಅಂಟಿದ್ದಲ್ಲ, ವ್ಯಕ್ತಿಗೆ ಅಂಟಿದ್ದು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷರು 2018 ರ ನವೆಂಬರಿನಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ಕರೆತಂದು ಜನರ ದರ್ಶನಕ್ಕೆ ಇಡಬೇಕಾಯಿತು. ಅಂಥ ಪ್ರೀತಿಯನ್ನು ಲಘುವಾಗಿ ಕಾಣುವುದು ಸಲ್ಲದು. ಆದರೆ ವ್ಯಕ್ತಿಯೊಡನೆ ಹುಟ್ಟಿದ ಕಥೆಯು ವ್ಯಕ್ತಿಯೊಡನೆಯೇ ಮುಗಿಯುತ್ತದೆ. ಪಾತ್ರವನ್ನು ನಟನಿಗಿಂತ ದೊಡ್ಡದೆಂದು ಕಾಣುವ ಅಭ್ಯಾಸವು 'ಕುರುಕ್ಷೇತ್ರ'ದ ಪ್ರೇಕ್ಷಕನಿಗೆ ಇದೆ. ಅದೇ ಪ್ರೇಕ್ಷಕನು ಚಿತ್ರಮಂದಿರದ ಬಾಗಿಲಲ್ಲಿ ಆ ಅಭ್ಯಾಸವನ್ನು ಹೊರಗೆ ಬಿಟ್ಟು ಹೋಗುತ್ತಾನೆ.

ಇನ್ನೊಂದು ತಡೆಯೂ ಇತ್ತು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸುವುದಕ್ಕೆ ದಶಕಗಳ ಕಾಲ ಇಲ್ಲಿಯ ಚಿತ್ರೋದ್ಯಮದ ವಿರೋಧವಿತ್ತು. ಸ್ಪರ್ಧಾ ಆಯೋಗವು 2015 ರಲ್ಲಿ ಆ ನಿರ್ಬಂಧದ ವಿರುದ್ಧ ತೀರ್ಪಿತ್ತಿತು. 2022 ರಲ್ಲಿ 'ಅವತಾರ್' ಚಿತ್ರದ ಎರಡನೆಯ ಭಾಗವೂ 2024 ರಲ್ಲಿ 'ಕಲ್ಕಿ 2898 ಎ.ಡಿ.'ಯೂ ಕನ್ನಡದಲ್ಲಿ ಮಾತನಾಡಿದವು. ಅಲ್ಲಿಯವರೆಗೆ ಅಂತರಿಕ್ಷ ನೌಕೆಯ ಕಥೆಯನ್ನು ತಾಯ್ನುಡಿಯಲ್ಲಿ ಕೇಳುವ ಭಾಗ್ಯ ಮಳವಳ್ಳಿಯ ಹುಡುಗನಿಗೆ ಚಿತ್ರಮಂದಿರದಲ್ಲಿ ಅಪರೂಪವಾಗಿತ್ತು. ಪುಸ್ತಕಗಳಲ್ಲಿ ಅಷ್ಟು ಬಡತನವಿರಲಿಲ್ಲ. 1918 ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ತಂದ ನುಡಿ ನಮ್ಮದು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದರು. ಆದರೆ ಅವರ ಕಥೆಗಳನ್ನು ಹಿಡಿದು ಬಸ್ ನಿಲ್ದಾಣದಲ್ಲಿ ಜಗಳವಾಡುವ ಓದುಗರು ಬೆಳೆಯಲಿಲ್ಲ.

ಮುಂದೇನು?

'ಡಾಕ್ಟರ್ ಹೂ' ಸದ್ಯದ ಸ್ಥಿತಿಗೆ ಬಂದದ್ದು ಹೀಗೆ: ಡೇವಿಸ್ಸರು 2023 ರಲ್ಲಿ ಮರಳಿದರು, ಅಮೆರಿಕದ ಡಿಸ್ನಿ ಸಂಸ್ಥೆಯ ಹಣ ಸೇರಿತು, ಶೂಟಿ ಗಾಟ್ವಾ ಡಾಕ್ಟರನಾದರು. 2025 ರ ಮೇ 31 ರ ಕಂತಿನ ಕೊನೆಯಲ್ಲಿ ಗಾಟ್ವಾರ ಕಾಯಪಲ್ಲಟವಾಗಿ ಕಂಡ ಮುಖ, 2005 ರಲ್ಲಿ ಸಂಗಾತಿಯ ಪಾತ್ರ ವಹಿಸಿದ್ದ ಬಿಲ್ಲಿ ಪೈಪರರದು. ಮದ್ದೂರಿನ ತರುಣನು ಹಳೆಯ ನಟರೆಂದು ರೇಗಿದ್ದು ಇದಕ್ಕೇ. ಅದೇ ವರ್ಷದ ಅಕ್ಟೋಬರಿನಲ್ಲಿ, ಡಿಸ್ನಿ ಪಾಲುಗಾರಿಕೆಯಿಂದ ಹಿಂದೆ ಸರಿಯಿತೆಂದೂ, 2026 ರ ಕ್ರಿಸ್‌ಮಸ್‌ಗೆ ಡೇವಿಸ್ಸರು ಒಂದು ವಿಶೇಷ ಕಂತನ್ನು ಬರೆಯುವರೆಂದೂ ಬಿ.ಬಿ.ಸಿ. ಪ್ರಕಟಿಸಿತು.

ನಿಲ್ಲಿಸಬೇಕೋ, ಮುಂದುವರಿಸಬೇಕೋ? ತರುಣರಿಬ್ಬರೂ ಅರ್ಧರ್ಧ ಸರಿಯೆಂದು ನನಗೆ ತೋರುತ್ತದೆ. ಬುಡದಲ್ಲಿ ರೋಗವಿರುವಾಗ ಇನ್ನೊಂದು ಕೂಳೆ ತೆಗೆಯುವುದು ಜಾಣತನವಲ್ಲ. ಹಿಂದಿನದನ್ನು ನೆನಪಿಸುವುದೇ ಕಥೆಯ ಕೆಲಸವಾದಾಗ ಗದ್ದೆಗೆ ವಿಶ್ರಾಂತಿ ಬೇಕು. ಆದರೆ ಬೀಜವನ್ನೂ ಸುಟ್ಟುಬಿಡಬಾರದು. 1989 ರಿಂದ 2005 ರವರೆಗಿನ ಬೀಳು ಫಲಿಸಿದ್ದು, ಆ ವೇಳೆಯಲ್ಲಿ ಜಗಳವಾಡುತ್ತಲೇ ಬೀಜ ಕಾದವರು ಇದ್ದುದರಿಂದ.

ಇವೆರಡಕ್ಕಿಂತ ಬೇರೆಯಾದ ಮೂರನೆಯ ದಾರಿಯನ್ನೂ ಕಬ್ಬೇ ನಮಗೆ ತೋರಿಸುತ್ತದೆ. ಕೂಳೆಯಾಗಲಿ ನಾಟಿಯಾಗಲಿ ತಳಿಯನ್ನು ಬದಲಿಸಲಾರದು. ತುಂಡಿನಿಂದ ಬೆಳೆದ ಕಬ್ಬು ತಾಯಿಯ ಪಡಿಯಚ್ಚೇ. ಹೊಸ ತಳಿ ಬೇಕಾದರೆ ಕಬ್ಬು ಹೂಬಿಡಬೇಕು, ಬೇರೊಂದರೊಡನೆ ಸಂಕರವಾಗಬೇಕು. 1912 ರಲ್ಲಿ ಸ್ಥಾಪಿತವಾದ ಕೊಯಮತ್ತೂರಿನ ಕಬ್ಬಿನ ತಳಿ ಸಂಶೋಧನಾ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ಸಿಹಿಗಬ್ಬನ್ನು ಹೊಳೆಯ ದಂಡೆಯ ಕಾಡುಜಾತಿಯೊಡನೆ ಸಂಕರಿಸಿದರು. ಸಿಹಿ ಒಂದರದು, ಗಟ್ಟಿತನ ಇನ್ನೊಂದರದು. 1918 ರಲ್ಲಿ ಬಂದ 'ಕೋ 205' ಎಂಬ ಆ ಸಂಕರವು ಕಬ್ಬಿನ ಚರಿತ್ರೆಯನ್ನೇ ತಿರುಗಿಸಿತು.

ಕನ್ನಡಕ್ಕೆ ಬೇಕಾದದ್ದು ಇಂಗ್ಲೆಂಡಿನ ಕೂಳೆಯಲ್ಲ. ಜಗತ್ತಿನ ವಿಜ್ಞಾನ ಕಥೆಯು ನಮ್ಮ ನೆಲದ ಗಟ್ಟಿ ಜಾತಿಯೊಡನೆ ಬೆರೆಯಬೇಕು. ಪಾತ್ರವನ್ನು ನಟನಿಂದ ನಟನಿಗೆ ದಾಟಿಸಬಲ್ಲ 'ಕುರುಕ್ಷೇತ್ರ'ದ ರಂಗ, ಗಂಡಾಂತರ ಕಾಲದಲ್ಲಿ ನಾಲೆಯ ನೀರನ್ನು ಹಂಚುವ ಲೆಕ್ಕ, 1902 ರಲ್ಲಿಯೇ ಮಳವಳ್ಳಿಯ ಪಕ್ಕದ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತನ್ನು ಸಾಗಿಸಿದ ಸಾಹಸ, ಇವೆಲ್ಲ ಆ ಸಂಕರಕ್ಕೆ ಕಾದಿವೆ. ಬರೆಯುವವರು ಯಾರೆಂದು ನಾನರಿಯೆ. ಬಹುಶಃ ಈಗ ಎಲ್ಲಿಯೋ ಕುಳಿತು, ಒಂದು ಕಥೆ ಹೀಗಿರಬಾರದಿತ್ತು ಎಂದು ಗೆಳೆಯನೊಡನೆ ಗಟ್ಟಿಯಾಗಿ ವಾದಿಸುತ್ತಿರುವ ಹುಡುಗನೋ ಹುಡುಗಿಯೋ ಇರಬೇಕು.

ಬಸ್ಸಿನಿಂದ ಇಳಿಯುವಾಗ ಆ ವೃದ್ಧರನ್ನು ಕೇಳಿದೆ: "ತಾವು ಎಷ್ಟು ಕೂಳೆ ಬಿಡುತ್ತೀರಿ, ಯಜಮಾನರೇ?"

"ಗದ್ದೆ ಹೇಳ್ತದೆ ಸ್ವಾಮಿ," ಎಂದರು ಅವರು. "ದಿನಾ ಹೋಗಿ ನೋಡೋನಿಗೆ ಗದ್ದೆನೇ ಹೇಳ್ತದೆ."